ಗೊತ್ತಿಲ್ಲದವಳ ಮುಖ

ಬಚ್ಚಲುಮನೆಯ ಕನ್ನಡಿಯ ಎದುರು ನಿಂತು ನಯನ ಏನೂ ಗೊತ್ತಿಲ್ಲದವಳ ಮುಖ ಮಾಡಿ ನೋಡಿದಳು. ಹುಬ್ಬು ಮೇಲೇರಿಸಿದರೆ ಹಲ್ಲಿ ಕಂಡು ಬೆದರಿದವಳ ಹಾಗೆ ಕಾಣುತ್ತಿತ್ತು. ಗಂಟಿಕ್ಕಿದರೆ ಬೀದಿ ನಲ್ಲಿಯ ಹತ್ತಿರ ಸರದಿ ತಪ್ಪಿಸಿದವರ ಮೇಲೆ ಜಗಳಕ್ಕೆ ಹೊರಟವಳ ಹಾಗೆ. ಬಾಯಿ ಸ್ವಲ್ಪ ತೆರೆದು, ಕಣ್ಣನ್ನು ಸೂರಿನ ಕಡೆ ತಿರುಗಿಸಿ, ‘ಓ, ಹೌದಾ?’ ಎಂದು ಮೆಲ್ಲಗೆ ಅಂದು ನೋಡಿದಳು. ಅದು ಟೀವಿ ಧಾರಾವಾಹಿಯ ನಾದಿನಿಯ ಮುಖವಾಯಿತು. ನಿಜವಾಗಿ ಗೊತ್ತಿಲ್ಲದಿರುವಾಗ ತನ್ನ ಮುಖ ಹೇಗಿರುತ್ತದೋ? ಗೊತ್ತಿಲ್ಲದ ಹೊತ್ತುಗಳೇನು ಅವಳ ಬದುಕಿನಲ್ಲಿ ಕಡಿಮೆಯೇ. ಆದರೆ ಆಗೆಲ್ಲ ಎದುರಿಗೆ ಕನ್ನಡಿ ಇರಲಿಲ್ಲ, ಜನ ಇದ್ದರು. ಆ ಮುಖವನ್ನು ಅವರೆಲ್ಲ ನೋಡಿದ್ದರು, ಅವಳೊಬ್ಬಳು ನೋಡಿರಲಿಲ್ಲ. ಏಳು, ಎರಡು, ಒಂಬತ್ತು. ಹಾಳು ಅಂಕಿಗಳು ಮತ್ತೆ ಬಂದವು. ಗಂಡನ ಹೊಸ ಫೋನ್ ನಂಬರು ಇನ್ನೂ ಬಾಯಿಗೆ ಬಾರದವಳಿಗೆ ಈ ಮೂರು ಅಂಕಿಗಳು ಮಾತ್ರ ಶುಕ್ರವಾರದಿಂದ ನಾಲಿಗೆಯ ತುದಿಯಲ್ಲೇ ಕೂತಿದ್ದವು. ಇಡ್ಲಿ ಹಿಟ್ಟು ಹುಯ್ಯುವಾಗಲೂ ಏಳು, ಎರಡು, ಒಂಬತ್ತು, ಬಟ್ಟೆ ಹಿಂಡುವಾಗಲೂ ಏಳು, ಎರಡು, ಒಂಬತ್ತು. ‘ಅಮ್ಮಾ, ಬೇಗ ಬಾ, ಚಿಕ್ಕಪ್ಪ ಬಂದ್ರು!’ ಎಂದು ಬಾಗಿಲಾಚೆಯಿಂದ ಮಗಳು ಅರ್ಪಿತ ಪಿಸುದನಿಯಲ್ಲಿ ಕೂಗಿದಳು. ಪಿಸುದನಿಯಲ್ಲೇ ಕೂಗುವುದು, ಪಿಸುದನಿಯಲ್ಲೇ ಜಗಳವಾಡುವುದು ಆ ಮನೆಯಲ್ಲಿ ಎಲ್ಲರಿಗೂ ಬರುತ್ತಿತ್ತು. ನಯನಳ ಗಂಡ ಬಸವೇಶ್, ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಬಂದು ಒಳಕೋಣೆಯಲ್ಲಿ ಮಲಗಿದ್ದ. ಅವನು ಏಳುವವರೆಗೆ ನಂಜನಗೂಡಿನ ರೈಲು ಬಿಟ್ಟರೆ ಬೇರೆ ಯಾರೂ ಸದ್ದು ಮಾಡುವ ಹಾಗಿರಲಿಲ್ಲ.

ನಡುಮನೆಯಲ್ಲಿ ಚಾಪೆ ಹಾಸಿ, ಅದರ ಮೇಲೆ ಟೀಪಾಯಿ ಎಳೆದು, ಅದರ ಮೇಲೆ ಆ ಪೆಟ್ಟಿಗೆಯನ್ನು ಅರ್ಪಿತ ದೇವರ ಪೆಟ್ಟಿಗೆಯಷ್ಟು ಭಕ್ತಿಯಿಂದ ಇಟ್ಟಿದ್ದಳು. ಮುಚ್ಚಳದ ಮೇಲೆ ಗೋಪುರಗಳಿರುವ ಒಂದು ಶಾಲೆ, ಆಕಾಶದಲ್ಲಿ ಚಂದ್ರ, ಕಿಟಕಿಯಿಂದ ಇಣುಕುವ ಚೂಪು ಟೋಪಿಯ ಮಕ್ಕಳು. ಬಸವೇಶನ ತಮ್ಮ ಅಮೃತೇಶ್ ಅದನ್ನು ಗುರುವಾರ ತಂದುಕೊಟ್ಟಿದ್ದ. ನರಸೀಪುರದ ಬಸ್ ಸ್ಟ್ಯಾಂಡಿನ ಎದುರು ಅವನದು ಮೊಬೈಲ್ ಅಂಗಡಿ. ಲೋಕದಲ್ಲಿ ಹೊಸದಾಗಿ ಬಂದದ್ದೆಲ್ಲ ಮೊದಲು ಅವನ ಕೈಗೇ ಬರಬೇಕು. ‘ಪುಟ್ಟಿ, ಇದು ಹಾವು ಏಣಿ ಥರ ದಿನಾ ಆಡೋದಲ್ಲ. ಒಂದೇ ಸಲ. ಆಡ್ತಾ ಆಡ್ತಾ ಕತ್ತರಿಸಬೇಕು, ಹರೀಬೇಕು, ಮಡಚಬೇಕು. ಉತ್ತರ ಒಂದ್ಸಲ ಗೊತ್ತಾದ್ಮೇಲೆ ಮುಗೀತು, ಆಟ ಸತ್ತೋಯ್ತು,’ ಎಂದಿದ್ದ. ಭಾನುವಾರ ತಾನು ಬರುವವರೆಗೆ ಯಾರೂ ಮುಟ್ಟಬಾರದೆಂದು ಹೇಳಿ, ಅರ್ಪಿತಳಿಂದ ಅಜ್ಜಿಯ ಮೇಲೂ ಅಮ್ಮನ ಮೇಲೂ ಆಣೆ ಹಾಕಿಸಿಕೊಂಡು ಹೋಗಿದ್ದ. ಆಣೆ ಹಾಕಿದವಳು ಅರ್ಪಿತ. ತಾನೇನೂ ಹಾಕಿರಲಿಲ್ಲವಲ್ಲ ಎಂದು ನಯನ ಈ ಎರಡು ದಿನಗಳಲ್ಲಿ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು. ಈಗ ಆ ಮುಚ್ಚಳವನ್ನು ನೋಡುತ್ತ ಕೂತಾಗ ಆ ಮಾತು ಯಾಕೋ ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ ಕಟಕ್ಕೆಂದಿತು.

ಅವಳು ಆಡಬೇಕೆಂದು ತೆಗೆದದ್ದಲ್ಲ. ಶುಕ್ರವಾರ ಹೊಸ್ತಿಲು ತೊಳೆದು, ಅರಿಸಿನ ಹಚ್ಚಿ, ಅರ್ಪಿತ ಶಾಲೆಗೆ, ಅತ್ತೆ ದೇವಸ್ಥಾನಕ್ಕೆ ಹೋದ ಮೇಲೆ, ಹುರುಳಿಕಾಯಿ ಒಲೆಯ ಮೇಲಿಟ್ಟು, ಬರೀ ನಿಯಮಗಳನ್ನು ಓದಿಕೊಳ್ಳೋಣ ಎಂದುಕೊಂಡಳು. ಎಲ್ಲ ಇಂಗ್ಲಿಷು. ಫೋನಿನಲ್ಲಿ ಒಂದೊಂದು ಪದದ ಅರ್ಥ ಹುಡುಕಿಕೊಂಡು ಇಟ್ಟುಕೊಂಡರೆ ಭಾನುವಾರ ಎಲ್ಲರೆದುರು ‘ಅಂದ್ರೆ ಏನು?’ ಎಂದು ಕೇಳುವುದು ತಪ್ಪುತ್ತದೆ, ಅಷ್ಟೆ. ಮಾಂತ್ರಿಕ ವಿದ್ಯೆಯ ಶಾಲೆ. ಅದರ ಹೆಡ್ ಮೇಷ್ಟರಿಗೆ ಮರೆವು. ಒಂದು ಸಂಜೆ ಮಕ್ಕಳನ್ನು ಒಳಗೇ ಬಿಟ್ಟು ನಾಲ್ಕು ಬೀಗ ಹಾಕಿಕೊಂಡು ಹೋಗಿಬಿಟ್ಟಿದ್ದಾನೆ. ಗಾಜಿನ ಬುರುಡೆಯ ಮರಳು ಪೂರ್ತಿ ಇಳಿಯುವುದರೊಳಗೆ ನಾಲ್ಕೂ ಬೀಗ ತೆರೆಯದಿದ್ದರೆ ಒಳಗಿದ್ದವರೆಲ್ಲ ಕಪ್ಪೆಗಳಾಗುತ್ತಾರೆ. ಒಂದೊಂದು ಬೀಗಕ್ಕೂ ಮೂರು ಅಂಕಿ. ಅಂಕಿಗಳನ್ನು ರಟ್ಟಿನ ಚಕ್ರದಲ್ಲಿ ತಿರುಗಿಸಿದರೆ ಪುಟ್ಟ ಕಿಂಡಿಯಲ್ಲಿ ಚಿತ್ರ ಕಾಣುತ್ತದೆ; ಸರಿಯಾದರೆ ಬೀಗದಕೈ, ತಪ್ಪಾದರೆ ಕಪ್ಪೆ. ಓದುತ್ತ ಓದುತ್ತ ಮೊದಲ ಬೀಗದ ಚಿತ್ರದ ಮೇಲೆ ಕಣ್ಣು ಬಿತ್ತು. ಔಷಧಿ ಸೀಸೆಗಳ ಗೂಡು. ಸೀಸೆಗಳ ನೆರಳು ಗೋಡೆಯ ಮೇಲೆ. ಯಾಕೆ ಈ ನೆರಳುಗಳು ಸೀಸೆಗಳ ಹಾಗೆ ಇಲ್ಲ? ಅವಳು ಪುಟವನ್ನು ಓರೆಯಾಗಿ ಹಿಡಿದಳು. ನೆರಳು ಏಳಾಯಿತು. ಇನ್ನೊಂದು ಎರಡಾಯಿತು. ಮೈ ಜುಮ್ಮೆಂದಿತು. ಒಂಬತ್ತು ಸಿಕ್ಕಿ ಚಕ್ರ ತಿರುಗಿಸಿ ಬೀಗದಕೈ ಕಂಡಾಗ ಅವಳು ಖಾಲಿ ನಡುಮನೆಯಲ್ಲಿ ಎದ್ದು ನಿಂತು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟಳು. ಹುರುಳಿಕಾಯಿ ಸೀದ ವಾಸನೆ ಮೂಗಿಗೆ ಬಂದದ್ದು ಆಗಲೇ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳುವ ಹಾಗಿರಲಿಲ್ಲ. ತಾನಾಗಿ ತೆರೆದ ಬೀಗವನ್ನು ಕದ್ದ ಒಡವೆಯ ಹಾಗೆ ಬಚ್ಚಿಟ್ಟುಕೊಳ್ಳಬೇಕಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಸರಿಯಾಗುತ್ತಿತ್ತು. ಎರಡನೆಯದಕ್ಕೆ ಸುಳಿವಿನ ಕಾರ್ಡು ನೋಡಿದಳು, ಮೂರನೆಯದಕ್ಕೆ ಪುಟ ಹರಿಯಬೇಕಾಗಿದ್ದರಿಂದ ನೇರ ಉತ್ತರದ ಕಾರ್ಡನ್ನೇ ನೋಡಿದಳು. ನಾಲ್ಕನೆಯದು ಅಂಟು ಹಾಕಿದ ಲಕೋಟೆಯೊಳಗಿತ್ತು; ಅದೊಂದನ್ನು ಮಾತ್ರ ಮುಟ್ಟಲಿಲ್ಲ. ಒಳ್ಳೆಯತನಕ್ಕಲ್ಲ, ಅಂಟು ಬಿಚ್ಚಿದರೆ ಗೊತ್ತಾಗುತ್ತದಲ್ಲ ಎಂದು.

‘ಅದೇನ್ಲಾ ಅಮೃತೇಶ, ಮಕ್ಳ ಒಳಗೇ ಬುಟ್ಟು ಬೀಗ ಆಕ್ಕೊಂಡು ಓಗ್ಬುಟ್ನಾ ಮೇಷ್ಟ್ರು? ಎಂಥ ಮೇಷ್ಟ್ರೋ ಅವ್ನು,’ ಎಂದು ಅತ್ತೆ ಚನ್ನಾಜಮ್ಮ ಗೋಡೆಗೆ ಒರಗಿ ಕಾಲು ನೀಡಿಕೊಂಡರು. ಅರ್ಪಿತ ಪಟಪಟನೆ ಇಂಗ್ಲಿಷಿನಲ್ಲಿ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ‘ಅವ್ವ, ಮೆತ್ತಗೆ. ಅಣ್ಣ ಮಲಗವ್ನೆ.’ ‘ಅಲ್ಲ ಕಣ್ಲಾ, ಆ ಮಕ್ಳ ಅಪ್ಪ ಅಮ್ಮ ಎಲ್ಲಿಗೋಗಿದ್ರು? ಸ್ಕೂಲ್ ಬುಟ್ ಮ್ಯಾಲೆ ಮಗ ಬರ್ನಿಲ್ಲ ಅಂದ್ರೆ ಓಗಿ ನೋಡಾಕಿಲ್ವಾ?’ ‘ಅಜ್ಜೀ, ಅವರು ಹಾಸ್ಟೆಲ್ ಮಕ್ಕಳು.’ ‘ಆಸ್ಟ್ಲಾ? ಅಂಗೇಳು ಮತ್ತೆ,’ ಎಂದು ಮುದುಕಿ ಸಮಾಧಾನಪಟ್ಟರು. ಅಮೃತೇಶ್ ಮರಳಿನ ಬುರುಡೆಯನ್ನು ತಲೆಕೆಳಗೆ ಮಾಡಿ ಇಟ್ಟ. ಮರಳು ಸಣ್ಣಗೆ ಇಳಿಯತೊಡಗಿತು. ನಯನಳಿಗೆ ತನ್ನ ಮುಖದ ನೆನಪಾಯಿತು. ಹುಬ್ಬನ್ನು ಅರ್ಧ ಮಾತ್ರ ಏರಿಸಿ ಕೂತಳು.

ಮೊದಲ ಬೀಗದ ಮುಂದೆ ಅವಳು ಬಾಯಿ ಬಿಡಲಿಲ್ಲ. ಬಿಡದಿರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಅಮೃತೇಶ್ ಸೀಸೆಗಳ ಬಣ್ಣ ಲೆಕ್ಕ ಹಾಕಿದ, ಬಿರಡೆಗಳನ್ನು ಎಣಿಸಿದ, ಚಕ್ರ ತಿರುಗಿಸಿದ. ಕಪ್ಪೆ. ಚನ್ನಾಜಮ್ಮ ಹಸಿರು ಸೀಸೆಯದು ಕೆಮ್ಮಿನ ಔಷಧಿಯೇ ಇರಬೇಕೆಂದರು. ನಯನ ತನ್ನ ಬೆರಳುಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು, ಇಲ್ಲದಿದ್ದರೆ ಅವು ತಾವಾಗಿ ಹೋಗಿ ನೆರಳನ್ನು ತೋರಿಸಿಬಿಡುತ್ತಿದ್ದವು. ಅರ್ಪಿತ ಪುಟಕ್ಕೆ ಮೂಗು ತಾಗುವಷ್ಟು ಬಗ್ಗಿದಳು. ಎರಡು ಜಡೆಯಲ್ಲಿ ಒಂದು ಟೀಪಾಯಿಯ ಮೇಲೆ ಬಿದ್ದಿತ್ತು. ನೋಡು ಮಗಾ, ಗೋಡೆ ನೋಡು, ಗೋಡೆ, ಎಂದು ನಯನ ಮನಸ್ಸಿನಲ್ಲೇ ಅಂದಳು. ಹಿಂದೆ ಇವಳು ಮೊದಲ ಹೆಜ್ಜೆ ಇಡುವಾಗಲೂ ಹೀಗೇ ಕೈ ಹಿಡಿಯದೆ, ಉಸಿರು ಹಿಡಿದು ಕೂತಿದ್ದಳು. ‘ಶ್ಯಾಡೋ!’ ಎಂದು ಅರ್ಪಿತ ಕಿರುಚಿ, ತಾನೇ ಬಾಯಿ ಮುಚ್ಚಿಕೊಂಡಳು. ಒಳಕೋಣೆಯ ಗೊರಕೆ ಒಂದು ಕ್ಷಣ ನಿಂತು ಮತ್ತೆ ಹೊರಟಿತು. ಬೀಗದಕೈ ಕಂಡಿತು. ನಯನ ಹೆಮ್ಮೆಯಿಂದ ಉಬ್ಬಿದಳು, ಆ ಹೆಮ್ಮೆಯ ಅಡಿಯಲ್ಲಿ ಸಣ್ಣದೊಂದು ಹುಳ ಕೊರೆಯಿತು: ನಾನು ಇದಕ್ಕಿಂತ ಬೇಗ ಕಂಡುಹಿಡಿದಿದ್ದೆ. ಹನ್ನೊಂದು ವರ್ಷದ ಮಗಳೊಂದಿಗೆ ಪೈಪೋಟಿಗೆ ನಿಂತಿದ್ದೇನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಹುಳ ಕೊರೆಯುವುದು ನಿಲ್ಲಲಿಲ್ಲ.

‘ಅತ್ಗೆ, ನೀವೂ ಏನಾದ್ರೂ ಬಾಯಿ ಬಿಡಿ. ಸುಮ್ನೆ ಕೂತ್ರೆ ಮೊದಲು ನೀವೇ ಕಪ್ಪೆ ಆಗೋದು,’ ಎಂದ ಅಮೃತೇಶ್. ಅವಳು ಏನನ್ನಾದರೂ ಹೇಳುವ ಮೊದಲೇ ಅರ್ಪಿತ, ಚಕ್ರದಿಂದ ಕಣ್ಣೆತ್ತದೆ, ‘ಇಂಗ್ಲಿಷಲ್ಲಿದೆಯಲ್ಲ ಚಿಕ್ಕಪ್ಪ, ಅಮ್ಮಂಗೆ ಗೊತ್ತಾಗಲ್ಲ. ಬಿಡು, ನಾನು ಆಮೇಲೆ ಹೇಳ್ತೀನಿ,’ ಎಂದಳು. ಆ ಮಾತಿನಲ್ಲಿ ಕುಹಕವಿರಲಿಲ್ಲ. ಮಳೆ ಬರುತ್ತಿದೆ ಅಂದ ಹಾಗೆ ಅಂದಿದ್ದಳು. ಕುಹಕವಿದ್ದಿದ್ದರೆ ಗದರಬಹುದಿತ್ತು. ಶಾಲೆಯ ಮೀಟಿಂಗಿನಲ್ಲಿ ಮಿಸ್ಸು ಏನೋ ಕೇಳಿದಾಗ ನಯನ ಬರೀ ನಕ್ಕು ತಲೆಯಾಡಿಸಿದ್ದಳು, ಮಗಳು ಮುಂದೆ ಬಂದು ಉತ್ತರ ಕೊಟ್ಟಿದ್ದಳು, ಆಮೇಲೆ ಆಟೋದಲ್ಲಿ ಅಮ್ಮನ ಕೈ ಹಿಡಿದುಕೊಂಡು ‘ಪರವಾಗಿಲ್ಲಮ್ಮ’ ಎಂದಿದ್ದಳು. ಆ ಪುಟ್ಟ ಕೈಯ ಬಿಸಿ ಈಗಲೂ ಅಂಗೈಯಲ್ಲಿತ್ತು. ನಯನಳ ಅವ್ವ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸು ಬಂದಾಗಲೆಲ್ಲ, ‘ಎಲ್ಲಿ ಓದು ನೋಡಾನ, ನಿಂಗೆ ಬತ್ತದಾ ನೋಡ್ತೀನಿ,’ ಎನ್ನುತ್ತಿದ್ದಳು. ನಯನ ಎದೆಯುಬ್ಬಿಸಿ ತಲಕಾಡು, ಮೈಸೂರು, ಕೊಳ್ಳೇಗಾಲ ಎಂದು ಓದುತ್ತಿದ್ದಳು. ‘ಸರಿಯಾಗದೆ,’ ಎಂದು ಅವ್ವ ಮೇಷ್ಟರ ಗತ್ತಿನಲ್ಲಿ ತಲೆಯಾಡಿಸಿ ಬಸ್ಸು ಹತ್ತುತ್ತಿದ್ದಳು. ಅವ್ವನಿಗೆ ಓದು ಬಾರದೆಂದು ಹೊಳೆದದ್ದು ಏಳನೆಯ ಕ್ಲಾಸಿನಲ್ಲಿ, ಅದೂ ಒಂದು ಬಸ್ಸಿನ ಮೆಟ್ಟಿಲ ಮೇಲೆ, ಒಂದು ಕಾಲು ನೆಲದಲ್ಲಿರುವಾಗ. ಅಂದಿನಿಂದ ಅವಳು ಇನ್ನೂ ಗಟ್ಟಿಯಾಗಿ, ಇನ್ನೂ ಭಯಭಕ್ತಿಯಿಂದ ಓದಿ, ಅವ್ವನ ‘ಸರಿಯಾಗದೆ’ಗಾಗಿ ಕಾಯುತ್ತಿದ್ದಳು. ಅವ್ವನಿಗೂ ಅದು ಗೊತ್ತಾಗಿತ್ತೋ ಏನೋ. ಮರಳು ಇಳಿಯುತ್ತಿತ್ತು. ಎರಡನೆಯ ಬೀಗ, ಎಂದು ಅರ್ಪಿತ ಪುಟ ಮಗುಚಿದಳು. ‘ಆ ಪುಟನ ಕಿಟಕಿ ಬೆಳಕಿಗೆ ಹಿಡಿದು ನೋಡಿ,’ ಎಂದು ಒಂದು ಧ್ವನಿ ಹೇಳಿತು. ಧ್ವನಿ ತನ್ನದೇ ಎಂದು ನಯನಳಿಗೆ ತಿಳಿಯುವುದಕ್ಕೆ ಒಂದು ಗಳಿಗೆ ಬೇಕಾಯಿತು.

ಅಮೃತೇಶ್ ಹಿಡಿದ. ಪುಟದ ಹಿಂದಿನ ನಕ್ಷತ್ರಗಳು ಮುಂದಿನ ಕಿಟಕಿಗಳೊಳಗೆ ಬಂದು ಕೂತವು. ಮೂರು ಅಂಕಿ. ಬೀಗದಕೈ. ‘ಅತ್ಗೆ!’ ಎಂದು ಅಮೃತೇಶ್ ಕೈ ಮುಗಿದ. ‘ಒಳಗೊಳಗೇ ಇದ್ದೀರಲ್ಲ ನೀವು!’ ‘ನನ್ ಸೊಸೆ ಏನಂದ್ಕೊಂಡಿದೀಯ? ಬೀಯೆ ಓದವ್ಳೆ,’ ಎಂದರು ಚನ್ನಾಜಮ್ಮ. ಅರ್ಪಿತ ಅಮ್ಮನನ್ನು ನೋಡುತ್ತಿದ್ದಳು, ನೆಂಟರ ಮನೆಯಲ್ಲಿ ಹೊಸಬರನ್ನು ನೋಡುವ ಹಾಗೆ, ಬಾಯಿ ಸ್ವಲ್ಪ ತೆರೆದು. ‘ಅಮ್ಮ, ಹೆಂಗೆ ಗೊತ್ತಾಯ್ತು ನಿಂಗೆ?’ ‘ಹಂಗೇ ಹೊಳೀತು,’ ಎಂದಳು ನಯನ. ಅರ್ಪಿತ ಎದ್ದು ಟೀಪಾಯಿ ಸುತ್ತಿ ಬಂದು ಅವಳ ಪಕ್ಕದಲ್ಲಿ, ಮೊಣಕೈಗೆ ಮೊಣಕೈ ತಾಗಿಸಿ ಕೂತಳು. ನಾಲ್ಕನೆಯ ಕ್ಲಾಸಿನವರೆಗೆ ಹೋಂವರ್ಕಿಗೆ ಹೀಗೇ ಕೂರುತ್ತಿದ್ದಳು. ನಯನಳಿಗೆ ಬಾಯಿತುಂಬ ಬೆಲ್ಲ ಹಾಕಿಕೊಂಡು, ಅದರಲ್ಲಿ ಇರುವೆ ಇರುವುದು ನಾಲಿಗೆಗೆ ಗೊತ್ತಾದ ಹಾಗಾಯಿತು. ಉಗುಳಲಾರಳು, ನುಂಗಲಾರಳು.

ಮೂರನೆಯ ಬೀಗಕ್ಕೆ ಮಂತ್ರದ ಪುಸ್ತಕ ಬೇಕಿತ್ತು. ತೆಳ್ಳಗಿನ ಪುಸ್ತಕ; ಅದರ ನಡುವಿನ ಪುಟದಲ್ಲಿ ಶಾಲೆಯ ಮೆಟ್ಟಿಲುಗಳು ಒಂದರೊಳಗೊಂದು ಸುತ್ತಿಕೊಂಡು ಹೋಗುತ್ತಿದ್ದವು. ‘ಈ ಪುಟವನ್ನು ಹರಿದು ತೆಗೆಯಿರಿ ಅಂತ ಇದೆ,’ ಎಂದಳು ಅರ್ಪಿತ. ‘ಪುಸ್ತಕ ಅರಿಯಾದಾ?’ ಚನ್ನಾಜಮ್ಮ ನೀಡಿದ ಕಾಲು ಮಡಚಿ ನೆಟ್ಟಗೆ ಕೂತರು. ‘ಸರಸ್ವತಿ ಕಣ್ಲಾ ಅದು. ಅರೀಬ್ಯಾಡಿ.’ ‘ಅವರೇ ಹರೀರಿ ಅಂತ ಬರೆದವ್ರೆ ಅವ್ವ.’ ‘ಬರ್ದೋರು ಸಾವ್ರ ಬರೀತಾರೆ. ಕಪಿಲಾ ಒಳೆಗೆ ಬೀಳು ಅಂತ ಬರುದ್ರೆ ಬಿದ್ದೀಯಾ?’ ಆ ಮನೆಯಲ್ಲಿ ಕಾಗದ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವುದು ಉಸಿರಾಡಿದಷ್ಟು ಸಹಜ. ಹಳೆಯ ಪಂಚಾಂಗವನ್ನೂ ಚನ್ನಾಜಮ್ಮ ರದ್ದಿಗೆ ಹಾಕಲು ಬಿಡುತ್ತಿರಲಿಲ್ಲ. ಹರಿಯದೆಯೇ ಸಾಧ್ಯವೇ ನೋಡೋಣ ಎಂದು ಅಮೃತೇಶ್ ಪುಸ್ತಕವನ್ನು ಬಾಗಿಲ ಬೆಳಕಿನತ್ತ ಎತ್ತಿದ. ಎತ್ತಿದವನು ಹಾಗೇ ನಿಂತ. ‘ಪುಟ್ಟಿ, ಇಲ್ಲಿ ನೋಡು. ಹಳದಿ.’

ನಯನ ನೋಡಿದಳು. ಮೆಟ್ಟಿಲುಗಳ ಮೇಲೆ ಮೂರು ಕಡೆ ಮಸುಕಾದ ಹಳದಿ ಚುಕ್ಕೆ, ಪುಟದ ಮೂಲೆಯಲ್ಲಿ ಒಂದು ದೊಡ್ಡ ಹಳದಿ ಗುರುತು. ಶುಕ್ರವಾರ ಮೆಟ್ಟಿಲುಗಳನ್ನು ಬೆರಳಿಟ್ಟು ಎಣಿಸಿದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಂಡೇ ಎಣಿಸಿದ್ದಳು. ಹೊಸ್ತಿಲಿಗೆ ಹಚ್ಚಿದ ಅರಿಸಿನ ಸೆರಗಿಗೆ ಒರೆಸಿದ ಮಾತ್ರಕ್ಕೆ ಬೆರಳು ಬಿಟ್ಟು ಹೋಗುವುದಿಲ್ಲ ಎಂಬುದು ಯಾವ ಹೆಂಗಸಿಗೆ ಗೊತ್ತಿಲ್ಲ! ಕಿವಿಯವರೆಗೆ ಬಿಸಿಯೇರಿತು. ‘ಅದು ಅಚ್ಚಿನ ತಪ್ಪಿರಬೇಕು ಬಿಡಿ,’ ಎಂದಳು. ‘ಇಂಥ ಆಟದಲ್ಲಿ ಯಾವುದೂ ಸುಮ್ಸುಮ್ನೆ ಇರಲ್ಲ ಅತ್ಗೆ,’ ಎಂದ ಅಮೃತೇಶ್, ಕಣ್ಣು ಹೊಳೆಯುತ್ತಿತ್ತು. ‘ಒಂದೊಂದು ಚುಕ್ಕೆಗೂ ಅರ್ಥ ಇರುತ್ತೆ.’ ಚನ್ನಾಜಮ್ಮ ಪುಸ್ತಕ ಇಸಿದುಕೊಂಡು ಮೂಗಿಗೆ ಹಿಡಿದರು. ‘ಅರಿಸ್ನ,’ ಎಂದರು. ನಯನ ಬೆರಳುಗಳನ್ನು ಅಂಗೈಯೊಳಗೆ ಮಡಚಿಕೊಂಡಳು. ‘ನೋಡ್ದಾ? ಪುಸ್ತಕಕ್ಕೆ ಅರಿಸ್ನ ಇಟ್ಟು ಪೂಜೆ ಮಾಡೇ ಕಳಿಸವ್ರೆ. ಅಚ್ಚು ಆಕ್ದೋರು ಒಳ್ಳೆ ಜನ. ಅರೀಬ್ಯಾಡಿ ಅಂದಿದ್ದು ಅದ್ಕೇಯ.’ ‘ಅವ್ವ, ಇದು ಜರ್ಮನಿಯಿಂದ ಬಂದಿರೋದು!’ ‘ಯಾಕೆ, ಜರ್ಮನೀಲಿ ಮುತ್ತೈದೇರು ಇಲ್ವಾ?’

ಆಮೇಲೆ ನಡೆದದ್ದನ್ನು ನಯನ ಬೇರೆಯವರ ಮನೆಯ ಕಿಟಕಿಯಿಂದ ನೋಡುವವಳ ಹಾಗೆ ನೋಡಿದಳು. ಅಮೃತೇಶ್ ಮೂರು ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದ. ಅದು ತ್ರಿಕೋನವೆಂದ. ಮಾಂತ್ರಿಕರಲ್ಲಿ ತ್ರಿಕೋನಕ್ಕೆ ಬಹಳ ಮಹತ್ವವೆಂದ. ಚುಕ್ಕೆ ಬಿದ್ದ ಮೆಟ್ಟಿಲು ಎಷ್ಟನೆಯದೆಂದು ಅರ್ಪಿತ ಕೆಳಗಿನಿಂದ ಎಣಿಸಿದಳು. ಕಪ್ಪೆ. ಮೇಲಿನಿಂದ ಎಣಿಸಿದಳು. ಕಪ್ಪೆ. ಹಳದಿ ಎಂದರೆ ಚಿನ್ನ, ಚಿನ್ನ ಎಂದರೆ ಸೂರ್ಯ, ಸೂರ್ಯ ಎಂದರೆ ಭಾನುವಾರ ಎಂದು ಚಿಕ್ಕಪ್ಪ ಮಗಳು ಇಬ್ಬರೂ ಸೇರಿ ಒಂದು ಪಂಚಾಂಗವನ್ನೇ ಕಟ್ಟಿದರು. ಕಪ್ಪೆ. ಮರಳು ಅರ್ಧಕ್ಕಿಂತ ಕೆಳಗಿಳಿದಿತ್ತು. ತನ್ನ ಬೆರಳಿನ ಕೊಳೆಯನ್ನು ಇಷ್ಟು ಶ್ರದ್ಧೆಯಿಂದ ಯಾರೂ ಈವರೆಗೆ ಓದಿರಲಿಲ್ಲ. ನಗು ಬಂತು. ನಗುವಿನ ಹಿಂದೆಯೇ, ಬಾಯಿ ಬಿಡು, ಎಂದು ಒಂದು ದನಿ ತಿವಿಯಿತು. ಅದು ನನ್ನ ಕೈ, ನಾನು ಮೊದಲೇ ನೋಡಿದ್ದೆ, ಎಂದರೆ ಆಯಿತು. ಮಕ್ಕಳು ಕಪ್ಪೆಗಳಾಗುವುದು ತಪ್ಪುತ್ತದೆ. ಆದರೆ ಹಾಗೆಂದರೆ ಕಿಟಕಿಯ ಬೆಳಕಿನ ಮೆಚ್ಚುಗೆಯೂ ಹೋಗುತ್ತದೆ, ಪಕ್ಕದಲ್ಲಿ ತಾಗಿಕೊಂಡಿರುವ ಈ ಮೊಣಕೈಯೂ ಹೋಗುತ್ತದೆ. ಇನ್ನು ಸ್ವಲ್ಪ ಹೊತ್ತು, ಎಂದುಕೊಂಡಳು. ಮರಳು ಇನ್ನೂ ಇದೆಯಲ್ಲ.

ಅರ್ಪಿತ ಚಿಕ್ಕಪ್ಪನ ಫೋನಿನಲ್ಲಿ ಆ ಮೂಲೆಯ ಗುರುತಿನ ಫೋಟೋ ತೆಗೆದು ಬೆರಳಲ್ಲಿ ಹಿಗ್ಗಿಸಿದಳು. ‘ಚಿಕ್ಕಪ್ಪ, ಇದರಲ್ಲಿ ಗೆರೆ ಇವೆ. ಇದು ಹೆಬ್ಬೆಟ್ಟು!’ ‘ಮಾಂತ್ರಿಕನ ಹೆಬ್ಬೆಟ್ಟು!’ ಎಂದು ಅಮೃತೇಶ್ ಮಂಡಿಯ ಮೇಲೆ ನಿಂತ. ‘ನಂಗೆ ಗೊತ್ತಿತ್ತು! ಗೆರೆ ಎಣಿಸು, ಗೆರೆ ಎಣಿಸು.’ ಅರ್ಪಿತ ಎಣಿಸತೊಡಗಿ ನಿಲ್ಲಿಸಿದಳು. ಗೆರೆಗಳ ನಡುವೆ ಓರೆಯಾಗಿ ಒಂದು ಬಿಳಿಯ ಸೀಳು ಹಾದುಹೋಗಿತ್ತು. ಈಳಿಗೆಮಣೆಯ ಹಳೆಯ ಗಾಯ. ಈ ಹುಡುಗಿ ಎರಡು ವರ್ಷದವಳಿದ್ದಾಗ ಅಮ್ಮನ ಆ ಹೆಬ್ಬೆರಳನ್ನು ಮುಷ್ಟಿಯೊಳಗೆ ಹಿಡಿದುಕೊಂಡು, ಆ ಗಾಯದ ಏಣನ್ನು ತನ್ನ ಬೆರಳಿನಿಂದ ಸವರುತ್ತ ಸವರುತ್ತ ನಿದ್ದೆ ಹೋಗುತ್ತಿತ್ತು. ಬೇರೆ ಕೈ ಕೊಟ್ಟರೆ ಅಳುತ್ತಿತ್ತು. ನಯನ ಕೈಯನ್ನು ಸೆರಗಿನಡಿಗೆ ಎಳೆದುಕೊಂಡಳು. ಎಳೆದುಕೊಂಡದ್ದನ್ನು ಅರ್ಪಿತ ನೋಡಿದಳು. ಆಮೇಲೆ ಮುಖ ನೋಡಿದಳು. ಬೆಳಿಗ್ಗೆ ಕನ್ನಡಿಯಲ್ಲಿ ಕಲಿತ ಒಂದು ಮುಖವೂ ಬರಲಿಲ್ಲ. ‘ಎಷ್ಟು ಗೆರೆ?’ ಎಂದ ಅಮೃತೇಶ್. ‘ಎಣಿಸ್ತಿದೀನಿ,’ ಎಂದಳು ಅರ್ಪಿತ, ಫೋನನ್ನು ಎದೆಗೆ ಮಗುಚಿ ಹಿಡಿದುಕೊಂಡು. ಎಣಿಸುತ್ತಿರಲಿಲ್ಲ. ಮರಳಿನ ಕೊನೆಯ ಎಳೆ ಸದ್ದಿಲ್ಲದೆ ಇಳಿದು ನಿಂತಿತು.

‘ಮುಗೀತಾ ಮಳ್ಳು? ಎಲ್ರೂ ಕಪ್ಪೆ,’ ಎಂದು ಚನ್ನಾಜಮ್ಮ ನೆಲಕ್ಕೆ ಕೈಯೂರಿ ಎದ್ದರು. ಸೋಲು ಅವರಿಗೆ ಚೂರೂ ತಟ್ಟಿರಲಿಲ್ಲ, ಪುಸ್ತಕ ಹರಿಯಲಿಲ್ಲವೆಂಬ ಗೆಲುವು ಇತ್ತು. ‘ಕಪ್ಪೆಗಳ್ಗೆಲ್ಲಾ ಕಾಫಿ ಮಾಡ್ತೀನಿ. ನಯನ, ಕೂತ್ಕೊ ನೀನು, ಬೆಳಿಗ್ಗಿಂದ ನಿಂತೇ ಇದ್ದೀಯ.’ ‘ಅವ್ವ, ಕೋಡುಬಳೆ ಎಲ್ಲಿಟ್ಟಿದೀಯಾ?’ ಎಂದು ಅಮೃತೇಶ್ ಹಿಂದೆಯೇ ಹೋದ. ಅಡುಗೆಮನೆಯಲ್ಲಿ ಡಬ್ಬಗಳ ಸದ್ದು, ಮೆಲ್ಲಗೆ ಎಂದು ಒಬ್ಬರಿಗೊಬ್ಬರು ಗದರುವ ಸದ್ದು.

ಅರ್ಪಿತ ಸ್ವಲ್ಪ ದೂರ ಸರಿದು ಕೂತಳು. ‘ಯಾವತ್ತು?’ ಎಂದಳು ಪಿಸುದನಿಯಲ್ಲಿ. ‘ಶುಕ್ರವಾರ.’ ‘ಪೂರ್ತಿನಾ?’ ‘ಕೊನೇದು ನೋಡಿಲ್ಲ.’ ನಯನ ಎರಡು ದಿನದಿಂದ ತಯಾರು ಮಾಡಿಟ್ಟ ಮಾತುಗಳಿದ್ದವು: ನಿನ್ನೆದುರು ಪೆದ್ದಿಯಾಗಬಾರದು ಅಂತ, ನಿಯಮ ಓದೋಕೆ ಅಂತ ತೆಗೆದೆ, ನೀನೇ ಅಲ್ವಾ ಅಮ್ಮಂಗೆ ಗೊತ್ತಾಗಲ್ಲ ಅನ್ನೋದು. ಅವನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು, ಮಗಳು ಮೋಸ ಎನ್ನುವುದನ್ನು ಕಾದಳು. ಅರ್ಪಿತಳ ಕೆಳತುಟಿ ನಡುಗಿತು. ‘ನನ್ ಬಿಟ್ಟು ಯಾಕೆ ಆಡ್ದೆ? ಇದು ಒಂದೇ ಸಲ ಆಡೋದು ಅಂತ ಚಿಕ್ಕಪ್ಪ ಹೇಳಿದ್ರು. ನೀನು ನನ್ ಜೊತೆ ಆಡೇ ಇಲ್ಲ. ನಾನು ನಿನ್ ಜೊತೆ ಆಡ್ತಿದೀನಿ ಅಂದ್ಕೊಂಡಿದ್ದೆ, ನೀನು ಆಡ್ತಾನೇ ಇರಲಿಲ್ಲ.’ ಸಾಲಾಗಿ ನಿಂತಿದ್ದ ಮಾತುಗಳಲ್ಲಿ ಒಂದೂ ಇದಕ್ಕೆ ಉತ್ತರವಾಗಿರಲಿಲ್ಲ. ಇಷ್ಟು ದಿನ ತಾನು ಕಾವಲು ಕಾಯುತ್ತಿದ್ದ ಬಾಗಿಲೇ ಬೇರೆ, ಮಗಳು ನಿಂತಿದ್ದ ಬಾಗಿಲೇ ಬೇರೆ. ‘ತಪ್ಪಾಯ್ತು ಕಣೋ ಮಗಾ,’ ಎಂದಳು. ಅರ್ಪಿತ ಸೊರಕ್ಕನೆ ಮೂಗು ಎಳೆದುಕೊಂಡಳು. ಏನಾದರೂ ಹೇಳಬೇಕಿತ್ತು. ನಯನಳ ಬಾಯಿಂದ ಬಂದದ್ದು, ‘ಮೊದಲನೇ ಬೀಗ ಮಾತ್ರ ನಾನೇ ತೆಗ್ದಿದ್ದು. ಕಾರ್ಡ್ ನೋಡದೇ.’ ಇಂಥ ಹೊತ್ತಿನಲ್ಲೂ ಬಡಾಯಿ! ನಾಚಿಕೆಯಿಂದ ನಾಲಿಗೆ ಕಚ್ಚಿಕೊಂಡಳು. ಆದರೆ ಅರ್ಪಿತ ಅಂಗೈಯಲ್ಲಿ ಕಣ್ಣೊರೆಸಿಕೊಂಡು ಕತ್ತು ತಿರುಗಿಸಿದಳು. ‘ನೆರಳು? ನೀನೇ?’ ‘ಹೂಂ.’ ‘ಎಷ್ಟು ಹೊತ್ತು ಹಿಡೀತು?’ ‘ಹುರುಳಿಕಾಯಿ ಸೀದು ಹೋಗೋವಷ್ಟು.’ ಅರ್ಪಿತ ಅಡುಗೆಮನೆಯ ಕಡೆ ನೋಡಿದಳು. ‘ಅಜ್ಜಿ ರಾತ್ರಿಯೆಲ್ಲಾ ಗೊಣಗಿದ್ದು ಆ ಪಲ್ಯಕ್ಕೇನಾ?’ ಎಂದವಳಿಗೆ ಅಳುವಿನ ನಡುವೆ ನಗು ನುಗ್ಗಿ ಮೂಗಿನಲ್ಲಿ ಗುಳ್ಳೆ ಬಂತು. ಇಬ್ಬರೂ ಒಬ್ಬರ ಬಾಯನ್ನೊಬ್ಬರು ಮುಚ್ಚಿ, ಒಳಕೋಣೆಯ ಗೊರಕೆಯನ್ನು ಆಲಿಸುತ್ತ, ಮೈ ಕುಲುಕಿಸಿದರು.

ಅಂಟು ಹಾಕಿದ ಲಕೋಟೆ ಟೀಪಾಯಿಯ ಮೇಲೆ ಹಾಗೇ ಬಿದ್ದಿತ್ತು. ಅರ್ಪಿತ ಅದನ್ನು ಎತ್ತಿ, ಅಂಟನ್ನು ಉಗುರಿನಿಂದ ಗೀರಿ ನೋಡಿ, ನಿಜವಾಗಿ ಬಿಚ್ಚಿಲ್ಲವೆಂದು ಖಾತ್ರಿ ಮಾಡಿಕೊಂಡು ಹರಿದಳು. ಒಳಗೆ ಒಂದೇ ಒಂದು ಕಾಗದ. ಚಿತ್ರವಿಲ್ಲ, ಉದ್ದನೆಯ ಇಂಗ್ಲಿಷ್ ಪದ್ಯ. ಅದನ್ನು ಅವಳು ಅಮ್ಮನ ಕೈಗಿಟ್ಟಳು. ‘ನೀನು ಓದು. ನಾನು ಅಂಕಿ ಹುಡುಕ್ತೀನಿ.’ ನಯನ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದಳು. ಗಟ್ಟಿಯಾಗಿ ಇಂಗ್ಲಿಷ್ ಓದಿ ಎಷ್ಟು ವರ್ಷವಾಗಿತ್ತೋ. ಒಂದು ಪದದ ಮೇಲೆ ಎಡವಿದಳು, ಹಿಂದಕ್ಕೆ ಹೋದಳು, ಅಕ್ಷರ ಕೂಡಿಸಿಕೊಂಡು ದಾಟಿದಳು. ಅರ್ಪಿತ ತಿದ್ದಲಿಲ್ಲ. ಪೆನ್ಸಿಲ್ಲಿನ ತುದಿ ಕಚ್ಚಿಕೊಂಡು ಪ್ರತಿ ಸಾಲಿಗೂ ಏನನ್ನೋ ಎಣಿಸುತ್ತಿದ್ದಳು. ಓದಿ ಮುಗಿಸಿದಾಗ ನಯನಳ ತಲೆಯೊಳಗೆ ಯಾವ ಅಂಕಿಯೂ ಇರಲಿಲ್ಲ. ‘ಗೂಬೆ ಎಷ್ಟು ಸಲ ಬಂತು?’ ‘ಎರಡಾ? ಮೂರಾ?’ ‘ಟೋಪಿ?’ ‘ಟೋಪಿ ಬಂತಾ?’ ಊಹೆಯ ಮೇಲೆ ಊಹೆ ಹಾಕಿ ಇಬ್ಬರೂ ಒಂದೊಂದು ಕೈಯಲ್ಲಿ ಚಕ್ರ ತಿರುಗಿಸಿದರು. ಕಿಂಡಿಯಲ್ಲಿ ಹಸಿರಾಗಿ, ಬಾಯಿ ಅಗಲಿಸಿ, ಕಪ್ಪೆ.

‘ಉತ್ತರದ ಕಾರ್ಡ್ ನೋಡ್ಬಿಡಿ ಅತ್ಗೆ, ಆಟ ಹೆಂಗೂ ಸೋತಿದೀವಿ,’ ಎಂದು ಅಡುಗೆಮನೆಯ ಬಾಗಿಲಿನಿಂದ ಅಮೃತೇಶ್ ಕೋಡುಬಳೆ ಅಗಿಯುತ್ತ ಪಿಸುಗುಟ್ಟಿದ. ‘ಕಾಫಿ ಆರೋಗುತ್ತೆ.’ ಅರ್ಪಿತ ಉತ್ತರದ ಕಾರ್ಡುಗಳನ್ನೆಲ್ಲ ಗುಡಿಸಿ, ತನ್ನ ತೊಡೆಯ ಕೆಳಗಿಟ್ಟುಕೊಂಡು, ಅದರ ಮೇಲೆ ಭದ್ರವಾಗಿ ಕೂತಳು.

‘ಆರ್ಲಿ,’ ಎಂದಳು. ಆಮೇಲೆ ಅಮ್ಮನ ಕಡೆ ತಿರುಗಿ, ‘ಇನ್ನೊಂದ್ಸಲ ಓದು. ಈ ಸಲ ನಿಧಾನಕ್ಕೆ.’